ಮಿಡಿದ ತಟ್ಟೆ

ಲ್ಯಾಬಿನಲ್ಲಿ ಅವಳಿಗೆ ಬಿದ್ದ ಹೆಸರು ಮೌನಗೌರಿ. ಒಂದು ಬಾಟಲಿ ಕೇಳುವುದಕ್ಕೂ ನಾಲ್ಕು ಸಲ ಗಂಟಲು ಸರಿಮಾಡಿಕೊಳ್ಳುವವಳು. ಏನು ಬೇಕಾದರೂ ಆಗಬಲ್ಲ ಆಕರಕೋಶಗಳನ್ನು ಹೃದಯದ ಕೋಶಗಳನ್ನಾಗಿ ಬೆಳೆಸುವುದು ಅವಳ ಕೆಲಸ. ವರ್ಷವಿಡೀ ಹೆಣಗಿದರೂ, ಕೋಶ ಬೆಳೆಸಿದ ಗಾಜಿನ ತಟ್ಟೆಗಳಲ್ಲಿ ಒಂದೂ ಮಿಡಿದಿರಲಿಲ್ಲ. ತಿಂಗಳೊಳಗೆ ಮಿಡಿಯದಿದ್ದರೆ ಕೆಲಸ ನಿಲ್ಲಿಸಿ, ತಟ್ಟೆಗಳನ್ನು ಬೆಚ್ಚಗಿಡುವ ಅವಳ ಇನ್‌ಕ್ಯುಬೇಟರನ್ನು ಯಕೃತ್ತಿನ ಕೋಶ ಬೆಳೆಸುವ ತಂಡಕ್ಕೆ ಕೊಡುವುದಾಗಿ ಲ್ಯಾಬಿನ ಮುಖ್ಯಸ್ಥೆ ಮೇಡಂ ಹೇಳಿಬಿಟ್ಟಿದ್ದರು.

ಅಲ್ಲಿಯ ಪದ್ಧತಿ ಒಂದೇ: ಕೋಶಗಳಿಗೆ ಆಹಾರ ಬದಲಿಸಿದಾಗಲೆಲ್ಲ, ‘ಹೃದಯವಾಗು’ ಎಂದು ಸಂಕೇತ ಕೊಡುವ ಔಷಧವನ್ನೂ ಬೆರೆಸುವುದು. ಔಷಧದ ಕಪಾಟಿನ ಬೀಗದ ಕೈ, ಎಲ್ಲರೂ ಅಣ್ಣ ಎನ್ನುವ ಸೀನಿಯರ್ ಬಳಿ. ಒಂದು ವಾರಕ್ಕೆಂದು ಅವನು ಅಳೆದುಕೊಟ್ಟದ್ದು ಸಾಲಲಿಲ್ಲ. ಮೊದಲ ದಿನ ಎಲ್ಲ ತಟ್ಟೆಗಳಿಗೂ ಹಾಕಿ, ಇನ್ನಷ್ಟು ಕೇಳಲು ಹೋದರೆ ಅವನು ಫೋನಿನಲ್ಲಿ ಹೆಂಡತಿಯಿಂದ ಮಂಗಳಾರತಿ ಮಾಡಿಸಿಕೊಳ್ಳುತ್ತಿದ್ದ. ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ಇಳಿಯಿತು. ಮರುದಿನ ಹೋದರೆ ‘ನಿನ್ನೆ ಯಾಕೆ ಬರಲಿಲ್ಲ’ ಎಂದಾನೆಂದು ಮರುದಿನವೂ ಹೋಗಲಿಲ್ಲ. ಮತ್ತೆ ಆಹಾರ ಬದಲಿಸುವಾಗ ಇದ್ದ ಔಷಧ ಉಳಿದವಕ್ಕೇ ಮುಗಿದು, ಕೊನೆಯ ತಟ್ಟೆಗೆ ಬರೀ ಆಹಾರವೇ ಗತಿಯಾಯಿತು.

ಕೆಲವು ದಿನ ಕಳೆದು ನೋಡಿದರೆ, ಆ ತಟ್ಟೆಯ ಅಂಚಿನಲ್ಲೇ ಸಾಸಿವೆಯಷ್ಟು ಜಾಗ ಮಿಡಿಯುತ್ತಿತ್ತು.

ಅವಳ ಎದೆ ಅದಕ್ಕಿಂತ ಜೋರಾಗಿ ಹೊಡೆದುಕೊಂಡಿತು. ದಾರಿ ಹಿಡಿಸುವ ಸಂಕೇತವೇ, ದಾರಿ ಹಿಡಿದ ಮೇಲೆ ಅಡ್ಡಗಾಲು! ಆದರೆ ಮಿಡಿದದ್ದು ಸಾಸಿವೆಯಷ್ಟೇ; ಹಾಗಾದರೆ ಔಷಧ ನಿಲ್ಲಿಸಿದರಷ್ಟೇ ಸಾಲದು. ಕೋಶಗಳು ತಾವೇ ತಯಾರಿಸಿ ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಳ್ಳುವ ಅದೇ ಸಂಕೇತದ ಬಾಯನ್ನೂ ಇನ್ನೊಂದು ಔಷಧದಿಂದ ಕಟ್ಟಬೇಕು.

ಕೊನೆಯ ತಟ್ಟೆಗೆ ಔಷಧ ಹಾಕದಿದ್ದದ್ದು, ಅದು ಮಿಡಿದದ್ದು, ತನ್ನ ಊಹೆ, ಎಲ್ಲವನ್ನೂ ವಾರದ ಸಭೆಯಲ್ಲಿ ಹೇಳಿದಳು. ಅಣ್ಣ ನಕ್ಕ.

“ಮರೆತಿದ್ದಕ್ಕೆ ಸಿದ್ಧಾಂತ ಬೇರೆ ಕಟ್ತೀಯಲ್ಲ ಗೌರಮ್ಮ.”

“ಮರೀಲಿಲ್ಲ ಅಣ್ಣ, ನಿಮ್ಮನ್ನ ಕೇಳೋಕೆ ಹೆದರಿದೆ. ಆದ್ರೆ ತಟ್ಟೆ ಸುಳ್ಳು ಹೇಳಲ್ಲ. ದಿನಾ ಕಿವೀಲಿ ಅದೇ ಮಾತು ಕೊರೀತಿದ್ರೆ ಅವು ಮುಂದಕ್ಕೆ ಹೋಗೋದು ಹೇಗೆ?”

ಅವಳ ಬಾಯಿಂದ ಇಷ್ಟುದ್ದದ ಮಾತು ಯಾರೂ ಕೇಳಿರಲಿಲ್ಲ. ಮೇಡಂ ಕನ್ನಡಕ ಕೆಳಗಿಟ್ಟು, ಕೊನೆಯದಾಗಿ ಒಂದು ಸಲ, ಎಲ್ಲ ತಟ್ಟೆಗಳನ್ನೂ ನಿನ್ನ ಪ್ರಕಾರವೇ ಮಾಡು ಎಂದರು.

ತಿಂಗಳ ಕೊನೆಗೆ ಮೇಡಂ ಮೈಕ್ರೋಸ್ಕೋಪಿಗೆ ಬಗ್ಗಿದವರು ಏಳಲೇ ಇಲ್ಲ. ಸಾಸಿವೆಯಷ್ಟಲ್ಲ, ತಟ್ಟೆಗೆ ತಟ್ಟೆಯೇ ಒಂದೇ ಲಯದಲ್ಲಿ ಹಿಗ್ಗಿ ಕುಗ್ಗುತ್ತಿತ್ತು. ಎರಡನೆಯದೂ ಹಾಗೆಯೇ. ಮೂರನೆಯದೂ. ಯಕೃತ್ತಿನ ತಂಡದವರು ಬೇರೆ ಇನ್‌ಕ್ಯುಬೇಟರ್ ನೋಡಿಕೊಳ್ಳಲಿ ಎಂದು ಮೇಡಂ ತಲೆ ಎತ್ತದೆಯೇ ಹೇಳಿದರು. ಅಷ್ಟರಲ್ಲಿ ಆ ತಂಡದವರೇ ನೋಡಲು ಸಾಲುಗಟ್ಟಿದ್ದರು. ಅಣ್ಣನಂತೂ ಒಮ್ಮೆ ನೋಡಿ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ.

ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕೋಣೆಯ ಆ ತುದಿಗೂ ಕೇಳುವಂತೆ ಹೇಳಿದಳು:

“ಸಾಕು, ದಾರಿ ಬಿಡಿ. ಹೊರಗಿಟ್ರೆ ತಣ್ಣಗಾಗಿ ನಿಂತುಬಿಡ್ತವೆ.”

ಎಲ್ಲರೂ ಸರಿದು ದಾರಿ ಬಿಟ್ಟರು.