ಚಾವಡಿಗೆ ಬಂದ ಚಪ್ಪಲಿ

ವೆಂಕಪ್ಪನವರ ಮಗಳು ನೀಲಾವತಿಯ ಕಾಲಿಗೆ ಚಪ್ಪಲಿ ಹಾಕಿಸುವುದೂ ಒಂದೇ, ಕೋಣನ ಕೈಯಲ್ಲಿ ಕೊಡೆ ಹಿಡಿಸುವುದೂ ಒಂದೇ ಎಂದು ಅರಂತೋಡಿನ ಆಸುಪಾಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಕಡೆ ಹೆಂಗಸರು ಚಪ್ಪಲಿ ಮೆಟ್ಟುವ ಕಾಲ ಇನ್ನೂ ಬಂದಿರಲಿಲ್ಲ. ಹಾಗಾಗಿ ಇದು ಯಾರಿಗೂ ತಲೆನೋವಾಗಬೇಕಿರಲಿಲ್ಲ. ಆದರೆ ಅರವತ್ತೆರಡರ ಮಳೆಗಾಲದಲ್ಲಿ ಹುಡುಗಿ ಬಿಳಿಚಿಕೊಂಡು, ಒಂದು ಕೊಡ ನೀರು ತಂದರೆ ಗೋಡೆ ಹಿಡಿದು ಕೂರುವಂತಾದಳು. ಸುಳ್ಯದ ಡಾಕ್ಟರು ನೋಡಿ, ಕೊಕ್ಕೆಹುಳ, ಬರಿಗಾಲಿನಿಂದ ಹತ್ತಿದ್ದು ಎಂದರು. ಮದ್ದು ಕೊಟ್ಟು ಗುಣ ಮಾಡಿ, "ಇನ್ನು ಚಪ್ಪಲಿ ಇಲ್ಲದೆ ತೋಟಕ್ಕೆ ಇಳಿದರೆ ಪುನಃ ಬರ್ತದೆ, ಆಗ ನನ್ನ ಹತ್ತಿರ ಬಂದು ಅಳಬೇಡಿ" ಎಂದು ಹೆದರಿಸಿ ಕಳಿಸಿದರು.

ಅಲ್ಲಿಂದ ವೆಂಕಪ್ಪನವರ ಚಪ್ಪಲಿ ಯಾತ್ರೆ ಸುರುವಾಯಿತು. ಚರ್ಮದ್ದು ತಂದರು. ಅದರ ಒಳಹೊಲಿಗೆ ಪಾದದಡಿ ಕೆಂಪಿರುವೆಯ ಸಾಲಿನ ಹಾಗೆ ಹರಿಯುತ್ತದೆ ಎಂದು ನೀಲಾವತಿ ಅಂಗಳ ದಾಟುವ ಮೊದಲೇ ಕಳಚಿದಳು. ಪುತ್ತೂರಿನ ಅಂಗಡಿಗೆ ಆಗಷ್ಟೇ ಬಂದಿದ್ದ ಹವಾಯಿ ಚಪ್ಪಲಿ ತಂದರು. ರಬ್ಬರಿನ ವಾಸನೆಗೆ ಅವಳಿಗೆ ಊಟ ಸೇರಲಿಲ್ಲ, ಅದರ ಪಟಪಟ ಸದ್ದು ಹಲ್ಲಿನ ಬೇರಿಗೆ ಹೋಗಿ ತಾಗಿತು. ರವಿಕೆಯನ್ನು ಕೂಡ ಅವಳು ಹೊಲಿಗೆ ಹೊರಗೆ ಬರುವಂತೆ ತಿರುಗಿಸಿಯೇ ಹಾಕಿಕೊಳ್ಳುವವಳು. ತಂದೆ ಸೊಕ್ಕು ಎಂದರು, ತಾಯಿ ಮುದ್ದು ಹೆಚ್ಚಾದ ಕೊಂಗಾಟ ಎಂದರು. ಕಾಲಿನಲ್ಲಿ ಒಂದು ಗೀರೂ ಕಾಣದಿದ್ದ ಮೇಲೆ ನೋವೆಂದರೆ ಯಾರು ನಂಬುತ್ತಾರೆ? ರೋಗ ಮರಳೀತೆಂಬ ಹೆದರಿಕೆಗಿಂತ, ತಾನು ನಿಜವಾಗಿಯೂ ಸೊಕ್ಕಿನವಳೇ ಇರಬಹುದೇ ಎಂಬ ಹೆದರಿಕೆ ನೀಲಾವತಿಯನ್ನು ಹೆಚ್ಚು ತಿನ್ನುತ್ತಿತ್ತು.

ಹೀಗಿರುವಾಗ ಹೆಣ್ಣು ನೋಡಲು ಜನ ಬಂದರು. ಹುಡುಗ ತೀರ್ಥರಾಮ, ಅವನ ತಾಯಿ ತಿಮ್ಮಕ್ಕ, ಸಂಬಂಧ ಕುದುರಿಸುವ ಕುಶಾಲಪ್ಪ. ನೀಲಾವತಿಯ ತಾಯಿ ಆ ದಿನ ಅವಳ ರವಿಕೆಯನ್ನು ಸರಿ ಮಗ್ಗುಲಿಗೆ ತಿರುಗಿಸಿ ಹಾಕಿಸಿದ್ದರು, ಮೈಯೆಲ್ಲ ತುರಿಕೆ. ಹುಡುಗನ ಮುಖ ನೋಡುವ ಆಸೆ ಅವಳಿಗೆ ಅಷ್ಟಿರಲಿಲ್ಲ. ಅವನು ಮೆಟ್ಟಿಲ ಬಳಿ ಕಳಚಿಟ್ಟದ್ದನ್ನು ನೋಡುವ ಆಸೆ ಮಾತ್ರ ತಡೆಯಲಾಗಲಿಲ್ಲ. ಅವರೆಲ್ಲ ಬೆಲ್ಲ ನೀರು ಕುಡಿಯುತ್ತಿದ್ದಾಗ ಹಿಂದಿನ ಬಾಗಿಲಿನಿಂದ ಸುತ್ತು ಹಾಕಿ ಅಂಗಳಕ್ಕೆ ಬಂದಳು.

ಎರಡು ಜೊತೆ ಇದ್ದವು. ಹೊಳೆಯುವುದು ಕುಶಾಲಪ್ಪನದು, ಅದರ ಕಿರಿಕಿರಿ ಸದ್ದು ಅವನಿಗಿಂತ ಮೊದಲು ಮನೆಗೆ ಬರುತ್ತಿತ್ತು. ಇನ್ನೊಂದು ಕಂದು ಬಣ್ಣದ್ದು, ಹಳತು, ಅಗಲ. ಗಂಡಸರು ಇಬ್ಬರು, ಜೊತೆಯೂ ಎರಡು. ಅಲ್ಲಿಗೆ ಕಂದು ಬಣ್ಣದ್ದು ಹುಡುಗನದು ಎಂದು ಲೆಕ್ಕ ಹಾಕಿ ನೀಲಾವತಿ ಅದರೊಳಗೆ ಕಾಲು ಹಾಕಿದಳು.

ಏನೂ ಆಗಲಿಲ್ಲ. ಕಚ್ಚಲಿಲ್ಲ, ಹರಿಯಲಿಲ್ಲ, ಕಿರುಗುಟ್ಟಲಿಲ್ಲ. ಬಾವಿಕಟ್ಟೆಯವರೆಗೆ ಹೋದಳು, ದನದ ಹಟ್ಟಿಯ ಸುತ್ತ ಬಂದಳು, ಇನ್ನೂ ಏನೂ ಆಗಲಿಲ್ಲ. ಅವಳಿಗೆ ಅಳು ಬಂತು, ನಗುವೂ ಬಂತು.

ಅಷ್ಟರಲ್ಲಿ ಒಳಗಿನಿಂದ ತಾಯಿ ಕರೆದರು. ನೀಲಾವತಿ ಅಡಿಗೆ ಮನೆಯ ಬಾಗಿಲಲ್ಲೇ ಕಾಫಿಯ ತಟ್ಟೆ ತೆಗೆದುಕೊಂಡು ನೆಂಟರು ಕೂತಿದ್ದ ಚಾವಡಿಗೆ ನೆಟ್ಟಗೆ ನಡೆದಳು. ಕಾಲಿನಲ್ಲಿ ಏನೋ ಇದೆ ಎಂದು ಅನಿಸಿದರೆ ತಾನೇ ತೆಗೆಯುವುದು?

ಎಲ್ಲರ ಕಣ್ಣು ಅವಳ ಕಾಲಿಗೆ ಹೋಯಿತು. ದೇವರ ದೀಪ ಉರಿಯುತ್ತಿದ್ದ ಚಾವಡಿಯಲ್ಲಿ, ನೋಡಲು ಬಂದವರ ಎದುರು, ಮದುಮಗಳಾಗಬೇಕಾದವಳು ನೆಂಟರ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಒಂದು ವರ್ಷದಿಂದ ಚಪ್ಪಲಿ ಹಾಕು ಎಂದು ಗೋಗರೆದ ವೆಂಕಪ್ಪನವರಿಗೆ ಬೈಯುವುದೋ ಸಂತೋಷಪಡುವುದೋ ತಿಳಿಯಲಿಲ್ಲ.

"ಕಾಲಿನಲ್ಲಿ ಎಂತದು ಅದು?" ಎಂದರು, ದೊಡ್ಡ ಸ್ವರ ಏಳದೆ.

ನೀಲಾವತಿ ಕೆಳಗೆ ನೋಡಿದಳು. ನಾಚಿಕೆಯಿಂದ ಕಿವಿ ಸುಟ್ಟಿತು. ಆದರೂ ಈಗ ಬಿಟ್ಟರೆ ಜನ್ಮದಲ್ಲಿ ಇಂಥದ್ದು ಸಿಗದು ಎಂದು ಧೈರ್ಯ ಮಾಡಿ, ನೆಲ ನೋಡುತ್ತಲೇ ಹೇಳಿದಳು. "ನನಗೆ ಒಪ್ಪಿಗೆ."

"ನೀನು ಹುಡುಗನನ್ನು ನೋಡಲೇ ಇಲ್ಲವಲ್ಲ ಮಾರಾಯ್ತಿ," ಎಂದ ಕುಶಾಲಪ್ಪ.

"ಚಪ್ಪಲಿ ನೋಡಿದೆ."

ಮೂಲೆಯಿಂದ ತೀರ್ಥರಾಮ ಮೆಲ್ಲಗೆ ಕೆಮ್ಮಿದ. "ಅದು ನನ್ನದಲ್ಲ. ನನ್ನದರ ಬಾರು ಬಸ್ಸಿನಲ್ಲಿ ತುಂಡಾಯಿತು, ರಸ್ತೆ ಬದಿಯ ಅಂಗಡಿಯಲ್ಲಿ ಬಿಟ್ಟು ಬಂದೆ. ಇದು ಅಮ್ಮನದು."

ಮುಗಿಯಿತು, ಇನ್ನು ತಾನು ಸೊಕ್ಕಿನವಳು ಮಾತ್ರವಲ್ಲ, ಹುಚ್ಚಿಯೂ ಹೌದು ಎಂದುಕೊಂಡಳು ನೀಲಾವತಿ. ತಿಮ್ಮಕ್ಕ ಎದ್ದು ಬಂದರು. ಅವಳ ಕೈಯ ತಟ್ಟೆಯನ್ನು ಇಳಿಸಿಟ್ಟು, ಕುಕ್ಕರುಗಾಲಲ್ಲಿ ಕುಳಿತು ಕಾಲು ನೋಡಿದರು.

"ಎಲ್ಲಿಯಾದರೂ ಕಡಿತದಾ ಮಗಾ?"

ಈ ಪ್ರಶ್ನೆಯನ್ನು ಇಷ್ಟು ದಿನದಲ್ಲಿ ಒಬ್ಬರೂ ಕೇಳಿರಲಿಲ್ಲ. "ಇಲ್ಲ," ಎಂದಳು ನೀಲಾವತಿ.

"ಒಳಗಿನ ಹೊಲಿಗೆಯ ಮೇಲೆ ನನ್ನ ಹಳೆ ಸೀರೆ ಉಂಟು, ಹಲಸಿನ ಮೇಣದಲ್ಲಿ ಅಂಟಿಸಿದ್ದು. ಬಾರನ್ನು ತೆಂಗಿನೆಣ್ಣೆಯಲ್ಲಿ ನೆನೆಸಿ ನೆನೆಸಿ ಹಣ್ಣು ಮಾಡಿದ್ದೇನೆ. ನಿನ್ನ ಕಾಯಿಲೆಯ ಸಂಗತಿ ಕುಶಾಲಪ್ಪ ಹೇಳಿದ್ದ; ಚಪ್ಪಲಿ ಮೆಟ್ಟಲಿಕ್ಕೆ ನನಗೂ ಡಾಕ್ಟರೇ ಹೇಳಿದ್ದು, ನಿನ್ನ ಹಾಗೇ. ನನ್ನ ಅತ್ತೆ ಸಾಯುವವರೆಗೂ ಇದಕ್ಕೆ ಸೊಕ್ಕು ಅಂತಲೇ ಹೇಳ್ತಿದ್ದದ್ದು."

ಅವರು ಏಳುವಾಗ ಸೆರಗು ಜಾರಿತು. ತೋಳಿನ ಮೇಲೆ ರವಿಕೆಯ ಹೊಲಿಗೆ ಹೊರಮೈಗೆ ಎದ್ದು ಕಾಣುತ್ತಿತ್ತು. ನೀಲಾವತಿ ಅದನ್ನು ನೋಡಿ ತಿಮ್ಮಕ್ಕನ ಕೈ ಹಿಡಿದಳು, ಹಿಡಿದದ್ದು ಬಿಡಲಿಲ್ಲ.

ಹೊರಡುವಾಗ ತಿಮ್ಮಕ್ಕ ಬರಿಗಾಲಲ್ಲೇ ಇಳಿದರು. ಬಸ್ಸಿನವರೆಗೆ ಒಂದು ದಿನಕ್ಕೆ ಹುಳ ಹತ್ತುವುದಿಲ್ಲ, ಮನೆಯಲ್ಲಿ ಇನ್ನೊಂದು ಜೊತೆ ಉಂಟು ಎಂದರು. ನೀಲಾವತಿ ಆ ಚಪ್ಪಲಿಯಲ್ಲೇ ಬೇಲಿಯವರೆಗೆ ಬಂದಳು. ಅವರೆಲ್ಲ ಆಚೆ ದಾಟಿದ ಮೇಲೆ ತೀರ್ಥರಾಮ ಗೊಣಗಿದ್ದು ಕೇಳಿಸಿತು.

"ಅಮ್ಮ, ಅವಳು ನನ್ನ ಮುಖ ಒಮ್ಮೆಯೂ ನೋಡಲಿಲ್ಲ."

"ಕಾಲಿನಿಂದ ಸುರು ಮಾಡಿದ್ದಾಳೆ," ಎಂದರು ತಿಮ್ಮಕ್ಕ. "ಮುಖದವರೆಗೆ ಬರಲಿಕ್ಕೆ ಸ್ವಲ್ಪ ಸಮಯ ಕೊಡು."

ಬೇಲಿಯ ಈಚೆ ನಿಂತ ನೀಲಾವತಿ ಆಗ ತಲೆ ಎತ್ತಿದಳು. ಹುಡುಗ ತಿರುಗಿ ನೋಡುತ್ತಿದ್ದ. ಮುಖ ಪರವಾಗಿಲ್ಲ ಅನಿಸಿತು.