ಕಾಗೆ ಕೂರುವ ಕಲ್ಲು

ಸತ್ತವರ ಹೆಸರು ಕೆತ್ತಿಸಲು ಸಮಿತಿ ಬೇಕೇ ಎಂದು ಕೇಳಬೇಡಿ, ನಮ್ಮೂರಲ್ಲಿ ಬಾವಿಯ ಹೂಳೆತ್ತುವುದಕ್ಕೂ ಸಮಿತಿ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಲಯಾದ ಹೋಟೆಲಿಗೆ ಅಡಿಗೆ ಕೆಲಸಕ್ಕೆ ಹೋಗಿದ್ದ ನಮ್ಮ ಗುಲ್ವಾಡಿಯ ಒಂಬತ್ತು ಮಂದಿಯನ್ನು ಜಪಾನಿ ಸೈನಿಕರು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದ್ದರು. ಈಗ ಹೊಳೆಬದಿಯಲ್ಲಿ ಅವರಿಗೊಂದು ಸ್ಮಾರಕ. ನಕ್ಷೆ ನನ್ನ ತಂಗಿಯ ಮಗಳು ರಮಿತಾಳದು. ಅಧ್ಯಕ್ಷ ಪ್ರೇಮಾನಂದ, ಮುಂಬೈಯಲ್ಲಿ ಹೋಟೆಲಿಟ್ಟು ಗೆದ್ದು ಬಂದವನು.

ಕುಂದಾಪುರದಲ್ಲಿ ಯಾವುದೋ ಪ್ರತಿಮೆಯ ತಲೆ ಕಾಗೆಗಳಿಂದ ಬೆಳ್ಳಗಾದದ್ದನ್ನು ಅವನು ನೋಡಿದ್ದ. ಹಾಗಾಗಿ ಹೆಸರಿನ ಕಲ್ಲಿನ ನೆತ್ತಿಯುದ್ದಕ್ಕೂ ಸ್ಟೀಲಿನ ಮುಳ್ಳು ಹಾಕಿಸಿದ. ಕಾಗೆ ಮುಟ್ಟದ ಎಡೆ ಸತ್ತವರಿಗೆ ಸಲ್ಲುವುದಿಲ್ಲವೆಂದು ನಮ್ಮೂರ ಮಕ್ಕಳಿಗೂ ಗೊತ್ತು. ಸಮಿತಿಯ ತಲೆಗೆ ಮಾತ್ರ ಹೊಳೆಯಲಿಲ್ಲ.

ಆ ಒಂಬತ್ತು ಮಂದಿಯ ಮಕ್ಕಳಲ್ಲಿ ಉಳಿದಿರುವುದು ಚಂದ್ರಾವತಿಯಮ್ಮ ಒಬ್ಬರೇ. ಸಾವಿನ ಸುದ್ದಿಯನ್ನು ಅವರ ತಾಯಿ ನಂಬಲೇ ಇಲ್ಲ. ಕರಿಮಣಿ ತೆಗೆಯಲಿಲ್ಲ, ಎಡೆ ಇಡಲು ಬಿಡಲಿಲ್ಲ. ಯಾರು ಕೇಳಿದರೂ “ಅವ್ರ್ ಬತ್ರ್, ಕಾಣಿ” ಎನ್ನುತ್ತಿದ್ದರು. ಹಾಗೆನ್ನುತ್ತಲೇ ತೀರಿಕೊಂಡರು. ತಾಯಿಯ ಮಾತು ಮೀರಲು ಮಗಳಿಗೂ ಧೈರ್ಯವಾಗಲಿಲ್ಲ. ಅಪ್ಪಯ್ಯನ ಹೆಸರು ಕಲ್ಲಿನ ಮೇಲೆ ಬಂದರೆ ಮೊದಲ ಎಡೆ ಇಟ್ಟೇ ಸಾಯುತ್ತೇನೆಂದು ಕಾದಿದ್ದರು.

ಉದ್ಘಾಟನೆಯ ಹಿಂದಿನ ದಿನ ನಾವೆಲ್ಲ ಸ್ಮಾರಕದ ಬಳಿ ಇರುವಾಗಲೇ ಬಾಳೆಲೆ, ಅನ್ನ, ಬಂಗುಡೆ ಮೀನಿನ ಸಾರು ಹಿಡಿದು ಬಂದರು. ಎಲೆ ಇಡಲು ಕೈ ಎತ್ತಿದವರು ಹಾಗೇ ನಿಂತರು.

“ಇದೆಂತ ಮಗಾ, ಮುಳ್ಳ್?”

“ಕಾಕಿ ಕೂಕಂಬುಕಾಗ ಅಂದೇಳಿ, ಅಮ್ಮಮ್ಮ,” ಎಂದಳು ರಮಿತಾ. ಹೇಳುತ್ತಿದ್ದಂತೆಯೇ ಅವಳ ಮುಖ ಬಿಳಿಚಿತು.

“ಹಾಂಗಾರೆ ನಮ್ ಅಪ್ಪಯ್ಯ ಎಲ್ಲ್ ಕೂಕಣ್ಕ್?”

ರಮಿತಾ ಕೆಲಸದವರ ಚೀಲದಿಂದ ಸ್ಪ್ಯಾನರ್ ತೆಗೆದು ಬೋಲ್ಟ್ ಬಿಚ್ಚತೊಡಗಿದಳು.

“ಕಲ್ಲ್ ಗಲೀಜಾತ್ತ್,” ಎಂದು ಪ್ರೇಮಾನಂದ ಗೊಣಗಿದ.

“ಆಯ್ಲಿ. ತೊಳುಕೆ ನಾನಿದ್ದೆ,” ಎಂದಳು ರಮಿತಾ.

ಮುಳ್ಳು ಹೋದ ಜಾಗದಲ್ಲಿ ಚಂದ್ರಾವತಿಯಮ್ಮ ಎಲೆ ಹಾಸಿ ಬಡಿಸಿದರು, ದೂರ ಸರಿದು ಕೈಮುಗಿದರು. ತೆಂಗಿನ ಗರಿಯ ಮೇಲೆ ಕಾಗೆಯೊಂದಿತ್ತು, ಇಳಿಯಲಿಲ್ಲ. ಅಷ್ಟು ವರ್ಷ ಉಣ್ಣದವನು ಇವತ್ತೂ ಉಣ್ಣದೆ ಹೋದರೆ ಆ ಮುದುಕಿಗೆ ಏನು ಹೇಳುವುದು? ಪ್ರೇಮಾನಂದನೇ ಎಲ್ಲರನ್ನೂ ಹಿಂದಕ್ಕೆ ಕರೆದ. ಆಮೇಲೆ ಅದು ಇಳಿದು ಬಂತು. ಕಲ್ಲಿನ ಮೇಲೆ ಕೂತು, ಕತ್ತು ಓರೆ ಮಾಡಿ ನೋಡಿ, ಬಂಗುಡೆಗೆ ಬಾಯಿ ಹಾಕಿತು.

ಚಂದ್ರಾವತಿಯಮ್ಮ ಸಣ್ಣ ಮಗುವಿನ ಹಾಗೆ ಅತ್ತರು. ಅಪ್ಪಯ್ಯನನ್ನು ಕರೆಯಲಿಲ್ಲ, ತೀರಿಹೋದ ತಾಯಿಯನ್ನು ಕರೆದರು.

“ಅಬ್ಬೀ, ಅಪ್ಪಯ್ಯ ಬಂದ್ರ್, ಕಾಣ್.”