ಸಂಜೆಗೆ ಜಾಗ ಬದಲಿಸಿದ ಬಾಣ

ಡ್ಯಾನ್ಯೂಬ್ ನದಿ ದಡದ ಬ್ರೈಲಾ ಊರಿನ ಬಂದರು ಬೀದಿಯಲ್ಲಿ ಈಗೀಗ ಒಂದು ಕಾಳು ಗೋಧಿ ಮಾರದವರೂ ಗೋಧಿ ದರದ ಮಾತಾಡುತ್ತಾರೆ. ಕೈಯಲ್ಲಿ ಫೋನು, ಫೋನಿನಲ್ಲಿ ಚಾರ್ಟು. ದರದ ಏರಿಳಿತ ತೋರಿಸುವ ಕೆಂಪು ಹಸಿರು ಕಡ್ಡಿಗಳ ನಡುವೆ "ಇಲ್ಲಿ ಕೊಳ್ಳಿ, ಇಲ್ಲಿ ಮಾರಿ" ಎನ್ನುವ ಬಾಣಗಳು. ಸಂಜೆ ನೋಡಿದರೆ ಬೀದಿಯವರೆಲ್ಲ ಜಾಣರು. ಬೆಳಿಗ್ಗೆ ನೋಡಿದರೆ ಯಾರಿಗೂ ತಲೆಬುಡ ತಿಳಿಯದು. ಕ್ಷೌರದಂಗಡಿಯ ವೆಟೂರಿಯಾಗೂ ಹೀಗೇ ಆಯಿತು.

ವೆಟೂರಿಯಾಗೆ ನಲವತ್ತೇಳು ವರ್ಷ. ಹಡಗುಕಟ್ಟೆಯ ಅರ್ಧಕ್ಕರ್ಧ ತಲೆಗಳು ಅವಳ ಕತ್ತರಿಗೆ ಪರಿಚಿತ. ಆದರೆ ದಿನವಿಡೀ ನಿಂತು ನಿಂತು ಮೊಣಕಾಲು ಹೋಗಿತ್ತು. ಕೂತು ಮಾಡುವ ಕೆಲಸ ಬೇಕೆನ್ನಿಸಿ, ಫೋನಿನಲ್ಲಿ ನಡೆಯುವ ಚಾರ್ಟು ಪಾಠಕ್ಕೆ ಸೇರಿದಳು. ಪ್ರತಿ ಸಂಜೆ ಮೇಷ್ಟ್ರು ಅಂದಿನ ಚಾರ್ಟು ತೋರಿಸುವರು. ದರ ತಗ್ಗಿದ ಕಡೆ ಹಸಿರು ಬಾಣ, ಏರಿ ನಿಂತ ಕಡೆ ಕೆಂಪು ಬಾಣ. "ಎಷ್ಟು ಸ್ಪಷ್ಟ ನೋಡಿ!" ಎನ್ನುವರು. ಸ್ಪಷ್ಟವಾಗಿಯೇ ಇರುತ್ತಿತ್ತು.

ಗಂಡ ಪೆಟ್ರಾಕೆ ಹಡಗಿಗೆ ಬೆಸುಗೆ ಹಾಕುವವನು. ಅವನಿಗಂತೂ ಹೆಮ್ಮೆಯೋ ಹೆಮ್ಮೆ. "ನಮ್ಮ ವೆಟೂ ತಲೆ ಅಂದ್ರೆ ಏನು ಅಂದ್ಕೊಂಡ್ರಿ!" ಎಂದು ಬೀದಿಯಲ್ಲೆಲ್ಲ ಡಂಗುರ ಹೊಡೆದ. ಮುಂದಿನ ಸೋಮವಾರ ಅಂಗಡಿಯನ್ನು ಇನ್ನೊಬ್ಬಳಿಗೆ ಮಾರಿಬಿಡುವುದು, ಬಂದ ಹಣವನ್ನು ಗೋಧಿ ವ್ಯಾಪಾರಕ್ಕೆ ಹಾಕುವುದು ಎಂದು ಮನೆಯಲ್ಲಿ ತೀರ್ಮಾನವೂ ಆಗಿತ್ತು.

ಆ ವಾರದ ಮಂಗಳವಾರ ಹನ್ನೊಂದು ಗಂಟೆಗೆ ವೆಟೂರಿಯಾಳ ಫೋನಿನಲ್ಲಿ, ಮೇಷ್ಟ್ರು ಹಾಕಿಕೊಟ್ಟ ಚಾರ್ಟಿನಲ್ಲಿ, ಹಸಿರು ಬಾಣ ಮೂಡಿತು. ಕೊಳ್ಳುವ ಗಳಿಗೆ! ಆದರೆ ಕುರ್ಚಿಯಲ್ಲಿ ಗಿರಾಕಿ, ಕೈತುಂಬ ನೊರೆ. ಕೈ ತೊಳೆದು ಬರುವಷ್ಟರಲ್ಲಿ ದರ ಇಳಿಯತೊಡಗಿತ್ತು. ಮಧ್ಯಾಹ್ನ ಮೂರರವರೆಗೂ ಇಳಿಯಿತು. "ಸದ್ಯ, ಕೊಳ್ಳಲಿಲ್ಲ" ಎಂದುಕೊಂಡಳು.

ಸಂಜೆ ಚಾರ್ಟು ತೆರೆದರೆ ಹನ್ನೊಂದರ ಬಾಣ ಇಲ್ಲವೇ ಇಲ್ಲ! ಬಾಣ ಮೂರು ಗಂಟೆಯ ಹತ್ತಿರ, ದಿನದ ಎಲ್ಲಕ್ಕಿಂತ ತಗ್ಗಿನಲ್ಲಿ ಜಾಣನಂತೆ ಕೂತಿತ್ತು.

"ಏ ಪೆಟ್ರಾಕೆ, ನನ್ನ ಫೋನು ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ? ಪಾಸ್‌ವರ್ಡೇ ಹೇಳಲ್ಲ ನೀನು."

"ಇಲ್ಲೊಂದು ಬಾಣ ಇತ್ತು. ಕಣ್ಣಾರೆ ನೋಡಿದೀನಿ."

"ಕಣ್ಣಿಗೆ ನೊರೆ ಹೋಗಿರಬೇಕು. ನೋಡು, ಮೇಷ್ಟ್ರ ಬಾಣ ಸರಿಯಾಗೇ ಇದೆ. ತಪ್ಪಿದ್ದು ನಿನಗೆ."

ವೆಟೂರಿಯಾಗೆ ರೇಗಿತು, ಅಳುವೂ ಬಂತು. ತನಗೇ ಮರುಳು ಹಿಡಿಯಿತೇ? ಬುಧವಾರ, ಗುರುವಾರವೂ ಹಾಗೇ. ಬೆಳಿಗ್ಗೆ ಕಂಡದ್ದು ಸಂಜೆಗೆ ಇಲ್ಲ. ಸಂಜೆ ಇದ್ದದ್ದನ್ನು ಬೆಳಿಗ್ಗೆ ಕಂಡ ನೆನಪಿಲ್ಲ. ಶುಕ್ರವಾರ ಒಬ್ಬನ ಬಲಗಡೆಯ ಕೆನ್ನೆಗೂದಲನ್ನು ಎರಡು ಸಲ ಕತ್ತರಿಸಿದಳು. ಪಾಪ, ಎಡಗಡೆಯದು ಹಾಗೇ ಉಳಿಯಿತು.

ಶನಿವಾರ ಅಗ್ಲಾಯಾ ಕೂದಲು ಕತ್ತರಿಸಿಕೊಳ್ಳಲು ಬಂದಳು. ಡ್ಯಾನ್ಯೂಬ್ ನದಿಯ ನೀರು ಅಳೆಯುವ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಹೆಂಗಸು. ಕನ್ನಡಿಯಲ್ಲೇ ವೆಟೂರಿಯಾಳ ಮುಖ ನೋಡಿದಳು.

"ಯಾಕೇ, ಸಪ್ಪಗಿದ್ದೀಯ?"

ವೆಟೂರಿಯಾ ಎಲ್ಲ ಹೇಳಿದಳು. ಅಗ್ಲಾಯಾ ನಗಲಿಲ್ಲ.

"ನಿನಗೆ ಮರುಳು ಹಿಡಿದಿಲ್ಲ ಕಣೇ. ಆ ಬಾಣ ತಗ್ಗನ್ನ ಹುಡುಕಿ ಕೂರುತ್ತೆ. ದರ ಇನ್ನೂ ಇಳೀತು ಅಂದ್ರೆ ಹಳೆ ಬಾಣ ಅಳಿಸಿ ಹೊಸ ತಗ್ಗಿಗೆ ಹೋಗುತ್ತೆ. ಆಟ ಮುಗಿದ ಮೇಲೆ ಯಾವಾಗ್ಲೂ ಸರಿ!"

"ಹಾಗಾದ್ರೆ ಮೋಸಾನಾ ಅಕ್ಕ?"

"ಮೋಸಾನೋ ಅರಿವಿಲ್ಲದ್ದೋ, ಅದು ಅವರಿಗೇ ಗೊತ್ತು. ನಮ್ಮ ಕಚೇರೀಲಿ ನಾಳೆ ನೀರು ಎಷ್ಟು ಏರುತ್ತೆ ಅಂತ ಇವತ್ತೇ ಶಾಯೀಲಿ ಬರೀಬೇಕಿತ್ತು. ನೀರು ಬಂದ ಮೇಲೆ ತಿದ್ದೋ ಹಾಗಿಲ್ಲ. ತಪ್ಪಿದ್ರೆ ತಪ್ಪು ಅಂತಾನೇ ಉಳೀತಿತ್ತು. ನೀನೂ ಹಾಗೆ ಬರೆದು ನೋಡಿದ್ಯಾ?"

"ಬಾಣ ಬಿಡಿ. ಮೇಷ್ಟ್ರು ಇನ್ನೊಂದು ಗುರುತು ಹೇಳ್ಕೊಟ್ಟಿದಾರೆ. ದರ ಇಳೀತಿರುವಾಗ ಕೆಳಗೆ ಉದ್ದ ಬಾಲ ಬಿಟ್ಟ ಕಡ್ಡಿ ಬಂದ್ರೆ ಕೊಳ್ಳಬೇಕು. ಅದು ಜಾಗ ಬದಲಿಸಲ್ಲ. ದಿನಾ ಸಂಜೆ ತೋರಿಸ್ತಾರೆ, ಒಂದೂ ತಪ್ಪಿಲ್ಲ."

"ದರ ಏರದೆ ಕೆಲಸಕ್ಕೆ ಬಾರದೇ ಹೋದ ಬಾಲಗಳನ್ನ ತೋರಿಸ್ತಾರಾ?"

ವೆಟೂರಿಯಾ ಕತ್ತರಿಯನ್ನು ಕನ್ನಡಿಯ ಮುಂದೆ ಇಟ್ಟಳು. ಅಂಥವೂ ಇರುತ್ತವೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಭಾನುವಾರ ಊಟವಾದ ಮೇಲೆ ಆ ಗುರುತನ್ನು ಪರೀಕ್ಷಿಸಲು ಅಗ್ಲಾಯಾ ವೆಟೂರಿಯಾಳ ಅಡುಗೆಮನೆಗೆ ಬಂದಳು. ವಸಂತಕಾಲದ ಗೋಧಿ ಚಾರ್ಟುಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಂದಿದ್ದಳು. ಒಂದು ರಟ್ಟಿನಿಂದ, ಮುಂದಿನ ದಿನಗಳ ದರವಿರುವ ಬಲಗಡೆಯೆಲ್ಲ ಮುಚ್ಚಿದಳು.

"ಒಂದೊಂದೇ ಕಡ್ಡಿ ಬಿಚ್ತೀನಿ. ಗುರುತು ಬಂತು ಅನ್ನಿಸಿದ್ರೆ ನಿಲ್ಲಿಸು. ಎಲ್ಲಿ ಕೊಳ್ತೀಯ, ಎಲ್ಲಿಗೆ ಇಳಿದ್ರೆ ತಪ್ಪಾಯ್ತು ಅಂತ ಒಪ್ತೀಯ, ಎಲ್ಲಿಗೆ ಏರಿದ್ರೆ ಸರಿ ಅಂತೀಯ, ಮೂರನ್ನೂ ಮೊದಲೇ ಬರಿ. ಆಮೇಲೇ ರಟ್ಟು ಸರಿಸೋದು."

ಪೆಟ್ರಾಕೆ ಬಗ್ಗಿದ. "ಮಾರ್ಚ್ ಹದಿನಾಲ್ಕು ತಗೊಳ್ಳಿ ಅಕ್ಕ, ಅವತ್ತು ಭರ್ಜರಿ ಏರಿತ್ತು."

"ಅದಕ್ಕೇ ಬೇಡ. ಒಂದನೇ ತಾರೀಕಿಂದ ಸಾಲಾಗಿ."

ಮೊದಲನೆಯದು ಸರಿಯಾಯಿತು. ಪೆಟ್ರಾಕೆ ಮೇಜು ಕುಟ್ಟಿದ. ಎರಡನೆಯದು, ಮೂರನೆಯದು, ನಾಲ್ಕನೆಯದು ಸಾಲಾಗಿ ಮಣ್ಣುಪಾಲು. ಐದನೆಯದಕ್ಕೆ ವೆಟೂರಿಯಾ ತಡವರಿಸಿದಳು. ಇದು ಉದ್ದ ಬಾಲವೋ ಗಿಡ್ಡ ಬಾಲವೋ?

"ಇದು ಗುರುತೇ ಅಲ್ಲ, ಬಿಟ್ಬಿಡಿ."

ಅಗ್ಲಾಯಾ ರಟ್ಟು ಸರಿಸಿದಳು. ದರ ಚಿಮ್ಮಿತ್ತು.

"ಅಯ್ಯೋ, ಅದು ಗುರುತೇ! ನನಗೆ ಅನ್ನಿಸಿತ್ತು!" ಎಂದಳು ವೆಟೂರಿಯಾ.

"ಏನು ಬರೆದಿದ್ದೀಯ?"

"...ಗುರುತಲ್ಲ ಅಂತ."

ಪೆಟ್ರಾಕೆ ಮೆಲ್ಲಗೆ ರಟ್ಟಿನಡಿ ಇಣುಕಲು ಹೋಗಿ ಕೈಗೆ ಏಟು ತಿಂದ. ಸಂಜೆಯಾಗುವಷ್ಟರಲ್ಲಿ ಮೂವತ್ತು ಗುರುತುಗಳಾದವು. ಸರಿ ಹದಿನಾಲ್ಕು, ತಪ್ಪು ಹದಿನಾರು. ವೆಟೂರಿಯಾ ಮತ್ತೆ ಮತ್ತೆ ಎಣಿಸಿದಳು. ಇಪ್ಪತ್ತೆಂಟಾದರೂ ಸರಿ ಇರುತ್ತದೆಂದು ಅವಳು ನಂಬಿದ್ದಳು.

"ಅಂದ್ರೆ ಈ ಗುರುತು ಸುಳ್ಳಾ, ನಿಜಾನಾ?"

"ಗೊತ್ತಿಲ್ಲ," ಎಂದಳು ಅಗ್ಲಾಯಾ.

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಕಣೇ. ಸರಿಯಾದಾಗ ಎಷ್ಟು ಬರುತ್ತೆ, ತಪ್ಪಿದಾಗ ಎಷ್ಟು ಹೋಗುತ್ತೆ, ಖರ್ಚೆಷ್ಟು, ಅದನ್ನೂ ನೋಡಬೇಕು. ಮೂವತ್ತರಲ್ಲಿ ಏನೂ ಹೇಳೋಕಾಗಲ್ಲ. ಇನ್ನೂರು ಬರೆದ ಮೇಲೂ ಅನುಮಾನ ಇದ್ದೇ ಇರುತ್ತೆ."

"ಮತ್ತೆ ಇಷ್ಟೆಲ್ಲ ಮಾಡಿ ಏನು ತಿಳೀತು?" ಪೆಟ್ರಾಕೆಯ ದನಿ ಇಳಿದಿತ್ತು.

ಅಗ್ಲಾಯಾ ಬಾಯಿ ತೆರೆಯುವ ಮೊದಲೇ ವೆಟೂರಿಯಾ ಅಂದಳು: "ಅಂಗಡಿ ಬಿಡುವಷ್ಟು ತಿಳಿದಿಲ್ಲ ಅನ್ನೋದು ತಿಳೀತು."

ಪೆಟ್ರಾಕೆ ಕೆಮ್ಮಿದ. "ಬೀದಿಗೆಲ್ಲ ಹೇಳ್ಬಿಟ್ಟಿದೀನಲ್ಲೇ..."

"ಹೇಳಿದ ಬಾಯಲ್ಲೇ ಇದನ್ನೂ ಹೇಳು."

ಸೋಮವಾರ ಅಂಗಡಿ ಕೈ ಬದಲಾಗಲಿಲ್ಲ. ಕೊಳ್ಳಲು ಬಂದಿದ್ದ ಹೆಂಗಸೇ ಮಧ್ಯಾಹ್ನದ ಪಾಳಿಗೆ ಒಪ್ಪಿದಳು. ವೆಟೂರಿಯಾಳ ಮೊಣಕಾಲಿಗೆ ಅರ್ಧ ದಿನದ ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ಅವಳು ಚಾರ್ಟು ನೋಡುತ್ತಾಳೆ, ಹಣ ಹಾಕುವುದಿಲ್ಲ. ಗುರುತು ಕಂಡ ಕೂಡಲೇ ಗಂಟೆ, ದರ ಬರೆದು, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳುತ್ತಾಳೆ. ಈಗ ನೂರಾ ಹನ್ನೆರಡಾಗಿವೆ. ಅನುಮಾನ ಇನ್ನೂ ಹೋಗಿಲ್ಲ. ಆದರೆ ಅನುಮಾನ ಇದೆಯೆಂದು ಹೇಳಲು ಅವಳಿಗೀಗ ನಾಚಿಕೆಯಿಲ್ಲ. ಪೆಟ್ರಾಕೆಯಂತೂ ಹಡಗುಕಟ್ಟೆಯಲ್ಲಿ ಯಾರಾದರೂ ಸಂಜೆಯ ಚಾರ್ಟು ತೋರಿಸಿದರೆ, "ಬೆಳಿಗ್ಗೆ ಬರೆದಿದ್ದು ತೋರಿಸಪ್ಪ" ಎನ್ನುತ್ತಾನೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಯಾರಾದರೂ ಬಾಣ ತುಂಬಿದ ಚಾರ್ಟು ತೋರಿಸಿದರೆ ತಕ್ಷಣ ಬೆರಗಾಗಬೇಡಿ. ಈ ಬಾಣ ಆ ಗಳಿಗೆಯಲ್ಲೇ ಇಲ್ಲಿತ್ತೇ ಎಂದು ಕೇಳಿ. ಕೈಕೊಟ್ಟ ಗುರುತುಗಳೆಲ್ಲಿ ಎಂದೂ ಕೇಳಿ. ದುಡಿದ ಹಣ ಹಾಕುವ ಮೊದಲು ಬಲಗಡೆ ಮುಚ್ಚಿ, ನಿಮ್ಮ ಮಾತನ್ನು ಶಾಯಿಯಲ್ಲಿ ಬರೆಯಿರಿ, ಆಮೇಲೆ ತೆರೆದು ನೋಡಿ. ಗಲಿಬಿಲಿಯಾದರೆ ಹೆದರಬೇಡಿ, ಮುಂದಿನದು ಕಾಣದಿರುವಾಗ ಎಲ್ಲರಿಗೂ ಗಲಿಬಿಲಿಯೇ. ಆ ಗಲಿಬಿಲಿಯಲ್ಲಿ ಕೈ ತಡೆಯುವುದು ದಡ್ಡತನವಲ್ಲ.